ಸ್ತರಭಂಗದೊಳಗಿನ ತೆಳುಪದರ

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ತೀರದಾಚೆ ಸಂಭವಿಸಿದ ಭೂಕಂಪದಲ್ಲಿಯೂ ಅದು ಎಬ್ಬಿಸಿದ ಸುನಾಮಿಯಲ್ಲಿಯೂ ಹದಿನೆಂಟು ಸಾವಿರಕ್ಕೂ ಹೆಚ್ಚು ಜನರು ಮಡಿದರು, ಇಲ್ಲವೆ ಕಾಣೆಯಾದರು. ಇಂತಹ ಮಹಾವಿಪತ್ತಿಗೆ ಕಾರಣವಾದ ಜಾರಿಕೆ ಎಷ್ಟು ದಪ್ಪದ ಶಿಲೆಯಲ್ಲಿ ನಡೆದಿರಬಹುದು? ನೂರಾರು ಮೀಟರುಗಳೆಂದು ಊಹಿಸುವುದು ಸಹಜ. ಆದರೆ ವಾಸ್ತವ ಸಂಗತಿಯೇ ಬೇರೆ.

ಭೂಮಿಯ ಹೊರಚಿಪ್ಪು ಬಿರಿದು, ಬಿರುಕಿನ ಇಕ್ಕೆಲಗಳ ಶಿಲೆಗಳು ಪರಸ್ಪರ ಜರುಗಿರುವ ತಾಣವೇ ಸ್ತರಭಂಗ. ಇಕ್ಕೆಲಗಳನ್ನು ವಿರುದ್ಧ ದಿಕ್ಕುಗಳಿಗೆ ಜಾರಿಸುವ ಬಲವನ್ನು ಕತ್ತರಿ ಬಲವೆನ್ನುವರು. ಇಸ್ಪೀಟಿನ ಕಟ್ಟೊಂದನ್ನು ಮೇಜಿನ ಮೇಲಿಟ್ಟು, ಅದರ ಮೇಲ್ಭಾಗವನ್ನು ಮೆಲ್ಲನೆ ತಳ್ಳಿರಿ. ಪ್ರತಿಯೊಂದು ಎಲೆಯೂ ತನ್ನ ಕೆಳಗಿನ ಎಲೆಯ ಮೇಲೆ ತುಸುತುಸುವೇ ಜಾರಿ ಕಟ್ಟು ಓರೆಯಾಗಬಹುದು. ಇಲ್ಲವೆ ಎಲ್ಲ ಜಾರಿಕೆಯೂ ಎರಡೇ ಎಲೆಗಳ ನಡುವೆ ನಡೆದು, ಉಳಿದವು ಇದ್ದಂತೆಯೇ ಇರಬಹುದು. ಭೂಕಂಪದ ಕಾಲದಲ್ಲಿ ಸ್ತರಭಂಗಗಳಲ್ಲಿ ನಡೆಯುವುದು ಬಹುಮಟ್ಟಿಗೆ ಈ ಎರಡನೆಯ ಬಗೆ.

ಇದಕ್ಕೆ ಒಳ್ಳೆಯ ನಿದರ್ಶನ ಕ್ಯಾಲಿಫೋರ್ನಿಯದ ಪಂಚ್‌ಬೌಲ್ ಸ್ತರಭಂಗ. ಹಿಂದೆ ಕಿಲೋಮೀಟರುಗಳ ಆಳದಲ್ಲಿದ್ದ ಅದರ ಒಡಲು, ಮೇಲಣ ಶಿಲೆಗಳು ಸವೆದುಹೋದುದರಿಂದ ಇಂದು ಹೊರಗೆ ಕಾಣುತ್ತದೆ. ಅದರ ಇಕ್ಕೆಲಗಳು ಒಟ್ಟು ಸುಮಾರು 44 ಕಿಲೋಮೀಟರ್ ಜರುಗಿವೆ. ಸುತ್ತಲಿನ ಶಿಲೆ ಹತ್ತಾರು ಮೀಟರುಗಳ ಅಗಲಕ್ಕೆ ಬಿರುಕುಬಿಟ್ಟಿದೆ. ಆದರೂ ಜಾರಿಕೆಯ ಬಹುಪಾಲು ನಡೆದುದು ಒಂದು ಮೀಟರಿಗೂ ಕಡಿಮೆ ದಪ್ಪದ, ಹಿಟ್ಟಿನಂತೆ ನುರಿದ ಶಿಲಾಪುಡಿಯ ಪದರದಲ್ಲಿ. ಅದರೊಳಗೂ ಕೆಲವೇ ಮಿಲಿಮೀಟರ್ ದಪ್ಪದ ಒಂದು ಪ್ರಧಾನ ಜಾರುತಲದಲ್ಲಿ!

ಹೀಗೇಕೆ? ಹುಲ್ಲುಗಾವಲಿನಲ್ಲಿ ಕಾಲುದಾರಿ ಮೂಡುವ ರೀತಿಯನ್ನು ನೆನೆಯಿರಿ. ನಾಲ್ಕು ಜನ ನಡೆದೆಡೆ ಹುಲ್ಲು ಬಾಗುತ್ತದೆ. ನಡಿಗೆ ಸುಲಭವಾದುದರಿಂದ ಉಳಿದವರೂ ಅಲ್ಲಿಯೇ ನಡೆಯುತ್ತಾರೆ. ಶಿಲೆಯಲ್ಲಿಯೂ ಹಾಗೆಯೇ. ಎಲ್ಲಿ ಜಾರಿಕೆ ಮೊದಲಾಗುವುದೋ ಅಲ್ಲಿ ಶಿಲೆ ನುರಿದು, ಕಾದು ದುರ್ಬಲವಾಗುತ್ತದೆ. ದುರ್ಬಲವಾದೆಡೆ ಜಾರಿಕೆ ಹೆಚ್ಚುತ್ತದೆ. ನೆರೆಯ ಶಿಲೆ ನಿಶ್ಚಲವಾಗುತ್ತದೆ.

ಪದರ ತೆಳುವಾದಷ್ಟೂ ಶಾಖದ ಪರಿಣಾಮ ತೀವ್ರ. ಘರ್ಷಣೆಯ ತಡೆ ಪ್ರತಿ ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಂ ತೂಕದಷ್ಟಿದೆಯೆಂದೂ, ಶಿಲೆ ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಜಾರಿತೆಂದೂ ಭಾವಿಸೋಣ. ಹುಟ್ಟಿದ ಶಾಖವೆಲ್ಲ ಒಂದು ಮೀಟರ್ ದಪ್ಪದ ಶಿಲೆಗೆ ಹಂಚಿಹೋದರೆ ಉಷ್ಣತೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮಾತ್ರ ಏರುತ್ತದೆ. ಅದೇ ಶಾಖ ಒಂದು ಸೆಂಟಿಮೀಟರಿನಲ್ಲಿ ಅಡಗಿದರೆ ಏರಿಕೆ 350 ಡಿಗ್ರಿಗೂ ಹೆಚ್ಚು! ಶಿಲೆಯ ರಂಧ್ರಗಳಲ್ಲಿರುವ ನೀರು ಆಗ ಹಿಗ್ಗಲೆಳಸುತ್ತದೆ. ಜೇಡಿಮಣ್ಣು ಅದನ್ನು ಹೊರಬಿಡದು. ಅಕ್ಕಿ ಬೇಯುವಾಗ ಉಗಿ ಮುಚ್ಚಳವನ್ನೆತ್ತುವಂತೆ, ಈ ನೀರಿನ ಒತ್ತಡ ಇಕ್ಕೆಲಗಳ ಬಿಗಿತವನ್ನು ಸಡಿಲಿಸುತ್ತದೆ. ಘರ್ಷಣೆ ಕುಗ್ಗಿ ಜಾರಿಕೆ ಮತ್ತಷ್ಟು ಸುಗಮವಾಗುತ್ತದೆ.

ಜಪಾನಿನ ಭೂಕಂಪದಲ್ಲಿ ಈ ವಿಚಾರವನ್ನು ಪರೀಕ್ಷಿಸುವ ಅವಕಾಶ ದೊರೆಯಿತು. 2012ರಲ್ಲಿ ‘ಚಿಕ್ಯೂ’ ಎಂಬ ಹಡಗಿನಿಂದ, ಸುಮಾರು 6,900 ಮೀಟರ್ ನೀರಿನಡಿಯಲ್ಲಿ, ಸಾಗರತಳವನ್ನು ಎಂಟುನೂರು ಮೀಟರಿಗೂ ಹೆಚ್ಚು ಕೊರೆದರು. ಸುಮಾರು 50 ಮೀಟರ್ ಜಾರಿಕೆ ನಡೆದ ಆ ಸ್ತರಭಂಗದ ದಪ್ಪ 5 ಮೀಟರಿಗಿಂತ ಕಡಿಮೆಯಿತ್ತು. ಅದು ನಯವಾದ ಜೇಡಿಮಣ್ಣು. ಬಾವಿಯೊಳಗಿಳಿಸಿದ ಉಷ್ಣಮಾಪಕಗಳು ಉಳಿದಿದ್ದ ಶಾಖವನ್ನು ಅಳೆದುವು. ಹೆಚ್ಚಳ ಕೇವಲ 0.31 ಡಿಗ್ರಿ! ಅದರಿಂದ ಲೆಕ್ಕಹಾಕಿದ ಘರ್ಷಣಾ ಗುಣಾಂಕ 0.08. ಸಾಮಾನ್ಯ ಶಿಲೆಗಳಲ್ಲಿ ಅದು 0.6ರಿಂದ 0.85. ಅಂದರೆ ಜಾರುವಾಗ ಆ ಪದರ ತಡೆಯನ್ನೇ ಒಡ್ಡಿರಲಿಲ್ಲವೆನ್ನಬಹುದು.

ಕಂದರದ ಸಮೀಪದ ಮೃದುವಾದ ಜೇಡಿಪದರ ಮೆಲ್ಲಮೆಲ್ಲನೆ ತೆವಳುವುದಲ್ಲದೆ ದೊಡ್ಡ ಭೂಕಂಪದಲ್ಲಿ ಹಠಾತ್ತನೆ ಜಾರದೆಂದು ಅದುವರೆಗೆ ಅನೇಕರು ನಂಬಿದ್ದರು. ಜಾರಿಕೆ ಅಲ್ಲಿಯವರೆಗೂ ಧಾವಿಸಿ ಸಾಗರತಳವನ್ನೆತ್ತಿದುದೇ ಆ ಅಲೆಗಳ ಎತ್ತರಕ್ಕೆ ಮುಖ್ಯ ಕಾರಣ. ಆದುದರಿಂದ ತೀರದ ಜನರಿಗೆ ಒದಗಬಹುದಾದ ಅಪಾಯವನ್ನು ಅಂದಾಜು ಮಾಡುವವರು, ಸ್ತರಭಂಗದ ಉದ್ದ ಆಳಗಳನ್ನಷ್ಟೇ ಅಳೆದರೆ ಸಾಲದು. ಅದರೊಳಗಿನ ಈ ತೆಳುಪದರದ ಗುಣವನ್ನೂ ಅರಿಯಬೇಕು.