ಆಟಿಯ ಮಳೆಗೆ ಕೆಟ್ಟ ಪೆಟ್ರೋಲ್

ಉಡುಪಿಯ ಬನ್ನಂಜೆಯ ಗ್ಯಾರೇಜಿನಾತ ನನ್ನ ಹಳೆಯ ಸ್ಕೂಟರಿನ ಪೆಟ್ರೋಲನ್ನು ಖಾಲಿ ನೀರಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದ. ಮೇಲೆ ತಿಳಿ ಪೆಟ್ರೋಲ್, ತಳದಲ್ಲಿ ಎರಡು ಬೆರಳಿನಷ್ಟು ಗಂಜಿ ತೆಳಿಯಂಥ ಮಬ್ಬು ನೀರು. ಬಂಕ್‌ನವರನ್ನು ಬೈಯಲು ನಾನು ಬಾಯಿ ತೆರೆಯುವಷ್ಟರಲ್ಲಿ ಆತ ಟ್ಯಾಂಕಿನ ಕ್ಯಾಪ್ ತಿರುಗಿಸಿ ತೋರಿಸಿದ. ಒಳಗಿನ ರಬ್ಬರ್ ಬಿರುಕು ಬಿಟ್ಟಿತ್ತು. "ಆಟಿ ತಿಂಗಳ ಮಳೆ ಇಡೀ ಹೊರಗೆ ನಿಲ್ಲಿಸಿದ್ದೀರಲ್ಲ ಮಾರಾಯ್ರೆ, ಬಂಕ್‌ನವರು ಎಂತ ಮಾಡಬೇಕು?"

ಮೊದಲಾದರೆ ಪೆಟ್ರೋಲಿಗೆ ನೀರು ಬಿದ್ದರೆ ತಳದಲ್ಲಿ ಬೇರೆಯೇ ಕೂರುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ತೆಗೆದ ಎಥನಾಲ್ ಶೇ 20ರಷ್ಟಿದೆ. ಅದಕ್ಕೆ ನೀರೆಂದರೆ ಪ್ರೀತಿ. ಸ್ವಲ್ಪ ನೀರಾದರೆ ಹೀರಿಕೊಂಡು ಸುಮ್ಮನಿರುತ್ತದೆ. ಮಿತಿ ಮೀರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತದೆ. ಎಂಜಿನ್‌ಗೆ ಮೊದಲು ಹೋಗುವುದು ಅದೇ.

ಎಥನಾಲ್ ಇಲ್ಲದ್ದು ಬೇಕೆಂದರೆ? 2023ರ ಫೆಬ್ರುವರಿ 6ರಂದು ಪ್ರಧಾನಿ ಬೆಂಗಳೂರಿನಲ್ಲಿ ಈ ಶೇ 20 ಎಥನಾಲಿನ 'ಇ20' ಪೆಟ್ರೋಲಿಗೆ ಚಾಲನೆ ಕೊಟ್ಟಾಗ ದೇಶದಲ್ಲಿ ಅದು ಸಿಗುತ್ತಿದ್ದುದು 84 ಬಂಕ್‌ಗಳಲ್ಲಿ ಮಾತ್ರ. ಈಗ ಹೆಚ್ಚುಕಡಿಮೆ ಎಲ್ಲೆಡೆ ಅದೇ. ಎಥನಾಲ್ ಇಲ್ಲದ ಪೆಟ್ರೋಲೂ ಸಿಗಬೇಕೆಂದು ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. 95 ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿಸಿದರೆ ಎಥನಾಲ್ ತಪ್ಪಿತು ಎಂದುಕೊಳ್ಳಬೇಡಿ, ಅದರಲ್ಲೂ ಇದೆ. ಮೈಲೇಜ್ ಇಳಿದಿದೆ ಎಂಬ ಗೊಣಗಾಟವೂ ಸುಳ್ಳಲ್ಲ. ಹಳೆಯ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4, ಕಾರುಗಳಲ್ಲಿ ಶೇ 6ರಿಂದ 7 ಕಡಿಮೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು.

ಹಾಗಾಗಿ ನಮ್ಮ ಕೈಯಲ್ಲಿ ಉಳಿದಿರುವುದು ಬಂಕ್‌ನ ಆಯ್ಕೆ ಮಾತ್ರ. ಕಂಪನಿಯ ಬೋರ್ಡಿಗಿಂತ ನಾನು ವ್ಯಾಪಾರ ನೋಡುತ್ತೇನೆ. ಗಾಡಿಗಳ ಸಾಲು ಇರುವಲ್ಲಿ ನೆಲದಡಿಯ ಟ್ಯಾಂಕಿನ ಪೆಟ್ರೋಲ್ ಬೇಗ ಖಾಲಿಯಾಗುತ್ತದೆ, ಹಳತಾಗುವುದಿಲ್ಲ. ಜಡಿಮಳೆಗೆ ಅಂಗಳದಲ್ಲಿ ನೀರು ನಿಲ್ಲುವ ಬಂಕ್‌ಗೆ ನಾನು ಹೋಗುವುದಿಲ್ಲ. ಟ್ಯಾಂಕಿಗೆ ಇಳಿಸುವ ಅಳತೆ ಕೋಲಿನ ತುದಿಗೆ ಅವರು ಒಂದು ಪೇಸ್ಟ್ ಹಚ್ಚುತ್ತಾರೆ, ನೀರು ತಾಗಿದರೆ ಅದರ ಬಣ್ಣ ಬದಲಾಗುತ್ತದೆ. ಅನುಮಾನ ಬಂದರೆ ಆ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳಿ. ಅಳತೆಯ ಬಗ್ಗೆ ಸಂಶಯವಿದ್ದರೆ ಮುದ್ರೆ ಹಾಕಿದ 5 ಲೀಟರಿನ ಪಾತ್ರೆ ತರಿಸಿ. 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆ ಬರುವಂತಿಲ್ಲ. ನೂರರ ಬದಲು ನೂರಾಹತ್ತು ರೂಪಾಯಿಗೆ ಹಾಕಿಸಿದರೆ ಮೋಸವಾಗದು ಎನ್ನುವವರು ನಮ್ಮ ಓಣಿಯಲ್ಲೂ ಇದ್ದಾರೆ. ಮೀಟರಿಗೆ ಎರಡೂ ಒಂದೇ.

ನಮ್ಮ ಕಡೆ ಮುಂಬೈ, ದುಬೈಯಲ್ಲಿರುವ ಮಕ್ಕಳ ಕಾರು, ಬೈಕುಗಳು ತಿಂಗಳುಗಟ್ಟಲೆ ಅಂಗಳದಲ್ಲೇ ನಿಂತಿರುತ್ತವೆ. ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಿ. ಒಳಗೆ ಗಾಳಿ ಕಡಿಮೆಯಾದಷ್ಟೂ ತೇವವೂ ಕಡಿಮೆ. ಮತ್ತೆ, ಮಳೆ ಹಿಡಿಯುವ ಮೊದಲು ಕ್ಯಾಪ್ ತಿರುಗಿಸಿ ಒಳಗಿನ ರಬ್ಬರನ್ನೊಮ್ಮೆ ನೋಡಿಕೊಳ್ಳಿ.