ಹಳೆಯ ಕಾರಿಗೆ ಎರಡು ಬಣ್ಣ: ಆಯ್ಕೆ ಹೇಗೆ?



ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಂಥ ಊರಿನ ಮನೆಯೊಂದರಲ್ಲಿ ಹಳೆಯ ಕಾರೊಂದು ಇದೆ ಎಂದುಕೊಳ್ಳಿ. ಅಜ್ಜ ಕೊಂಡದ್ದು. ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಎರೆಮಣ್ಣಿನ ಧೂಳು ಹೊದ್ದು ನಿಂತಿದೆ. ಅದಕ್ಕೆ ಮತ್ತೆ ಜೀವ ಕೊಡಬೇಕೆಂದು ಮನೆಯವರು ನಿರ್ಧರಿಸಿದ್ದಾರೆ. ಎಂಜಿನ್ನಿನ ವಿಷಯದಲ್ಲಿ ಎಲ್ಲರೂ ಮಿಸ್ತ್ರಿಯ ಮಾತಿಗೆ ತಲೆಯಾಡಿಸುತ್ತಾರೆ. ಬಣ್ಣದ ಮಾತು ಬಂದಾಗ ಮಾತ್ರ ಎಷ್ಟು ಜನವೋ ಅಷ್ಟು ಅಭಿಪ್ರಾಯ. ಅದರಲ್ಲೂ ಎರಡು ಬಣ್ಣ ಹಚ್ಚುವುದೆಂದರೆ ಜಗಳವೇ ಸೈ.

ಜಗಳಕ್ಕೆ ಮೊದಲು ಒಂದು ಕೆಲಸವಿದೆ. ಕಾರಿನ ಮೂಲ ಬಣ್ಣ ಯಾವುದಿತ್ತು ಎಂದು ಹುಡುಕಿ. ಪ್ರತಿ ಹಬ್ಬಕ್ಕೂ ಸುಣ್ಣ ಬಳಿದ ಗೋಡೆಯ ಪಕ್ಕು ಎದ್ದಾಗ ಒಳಗೆ ನೀಲಿ, ಹಳದಿ, ಬಿಳಿ ಪದರುಗಳು ಕಾಣುತ್ತವಲ್ಲ, ಕಾರಿನ ಮೈಯೂ ಹಾಗೆಯೇ. ಹೊರಗಿನಿಂದ ಕಾಣದ ಒಂದು ಮೂಲೆಯನ್ನು ಆರಿಸಿಕೊಂಡು, ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ರೂಪಾಯಿ ನಾಣ್ಯದಷ್ಟು ಜಾಗವನ್ನು ಮೆಲ್ಲಗೆ ಉಜ್ಜಿ. ಒಂದರೊಳಗೊಂದು ಉಂಗುರದಂತೆ ಪದರುಗಳು ತೆರೆದುಕೊಳ್ಳುತ್ತವೆ. ನಡುವೆ ಲೋಹ, ಅದರ ಸುತ್ತ ಪ್ರೈಮರ್, ಅದರ ಆಚೆಯದು ಕಾರ್ಖಾನೆಯ ಬಣ್ಣ. ಬಾಗಿಲಿನ ಒಳಹಲಗೆಯ ಹಿಂದೆ, ಸೀಟಿನ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಬಿಸಿಲು ಕಾಣದ ಮೂಲ ಬಣ್ಣ ಹಾಗೆಯೇ ಉಳಿದಿರುವುದೂ ಉಂಟು. ಒಣಗಿದಂತೆ ಎಂದೂ ಉಜ್ಜಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದರ ಧೂಳು ಉಸಿರಿನೊಂದಿಗೆ ಒಳಹೋದರೆ ಅಪಾಯ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಮನೆಯ ಹಳೆಯ ಕಾರನ್ನು ಬೇಸಿಗೆ ರಜೆಯಲ್ಲಿ ಉತ್ಸಾಹದಿಂದ ಪೂರ್ತಿ ಕೆರೆದುಹಾಕಿದೆ. ಆಮೇಲೆ "ಮೊದಲು ಯಾವ ಬಣ್ಣವಿತ್ತು?" ಎಂದು ಯಾರೋ ಕೇಳಿದರು. ಅಪ್ಪ ಒಂದು ಹೇಳಿದರು, ಚಿಕ್ಕಪ್ಪ ಇನ್ನೊಂದು. ಮನೆಯಲ್ಲಿದ್ದ ಒಂದೇ ಫೋಟೋ ಕಪ್ಪು-ಬಿಳುಪಿನದು. ಉತ್ತರ ಹೇಳಬಹುದಾಗಿದ್ದ ಪದರು ಅಂಗಳದ ಮಣ್ಣಿನಲ್ಲಿ ಬೆರೆತುಹೋಗಿತ್ತು.

ಈಗ ಸ್ವಲ್ಪ ಇತಿಹಾಸ. ಮೋಟಾರಿನ ಮೊದಲ ದಿನಗಳಲ್ಲಿ ಸಾರೋಟಿಗೆ ಹಚ್ಚುವಂತೆಯೇ ಕಾರಿಗೂ ಕುಂಚದಿಂದ ಬಣ್ಣ, ವಾರ್ನಿಷ್ ಹಚ್ಚುತ್ತಿದ್ದರು. ಪದರ ಮೇಲೆ ಪದರು ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ಫೋರ್ಡ್ ಕಂಪನಿ ತನ್ನ 'ಮಾಡೆಲ್ ಟಿ' ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣ ಒಂದರಲ್ಲೇ ಮಾರಿತು. 1923ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ 'ಡ್ಯೂಕೋ' ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಬಂದು, ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಬಗೆಬಗೆಯ ಬಣ್ಣಗಳ ಕಾರುಗಳು ಹೆಚ್ಚಿದ್ದು ಆಮೇಲೆ. ಆದರೂ 1920ರ ದಶಕದ ಅನೇಕ ಕಾರುಗಳಲ್ಲಿ ಮಡ್‌ಗಾರ್ಡುಗಳು ಕಪ್ಪಾಗಿಯೇ ಉಳಿದವು. ಕಲ್ಲು, ಕೆಸರು ಸಿಡಿಯುವುದು ಅವುಗಳಿಗೇ. ಆದ್ದರಿಂದ ಅವಕ್ಕೆ ಕುಲುಮೆಯಲ್ಲಿ ಸುಟ್ಟು ಗಟ್ಟಿ ಮಾಡಿದ ಕಪ್ಪು ಎನಾಮಲ್, ಮೈಗೆ ಮಾತ್ರ ಹೊಸ ಬಣ್ಣ. ಇಂದು ನಾವು ಅಂದವೆಂದು ಮೆಚ್ಚುವ ಎರಡು ಬಣ್ಣದ ಜೋಡಣೆಗೆ ಹೀಗೆ ಉಪಯೋಗದ ಹಿನ್ನೆಲೆಯೂ ಇದೆ. 1950ರ ದಶಕದ ಕಾರುಗಳಲ್ಲಿ ಮಾದರಿ ಬದಲಾಯಿತು. ಮಡ್‌ಗಾರ್ಡು ಮೈಯೊಳಗೆ ಸೇರಿಹೋದ್ದರಿಂದ ಬಣ್ಣಗಳು ಮೇಲೆ-ಕೆಳಗೆ ಹಂಚಿಕೊಂಡವು: ಛಾವಣಿಗೆ ಒಂದು, ಕೆಳಮೈಗೆ ಒಂದು. ನಿಮ್ಮ ಕಾರು ಯಾವ ಕಾಲದ್ದು ಎಂಬುದರ ಮೇಲೆ ಬಣ್ಣ ಎಲ್ಲಿ ಒಡೆಯಬೇಕು ಎಂಬುದು ನಿಂತಿದೆ. 1928ರ ಕಾರಿಗೆ 1955ರ ರೀತಿ ಹಚ್ಚಿದರೆ ಧೋತರದ ಮೇಲೆ ಟೈ ಕಟ್ಟಿದಂತೆ ಕಾಣುತ್ತದೆ.

ಬಣ್ಣ ಒಡೆಯುವ ಗೆರೆಯೇ ಇಲ್ಲಿ ಮುಖ್ಯ. ಯಾವ ಬಣ್ಣ ಎಂಬುದು ಆಮೇಲಿನ ಪ್ರಶ್ನೆ. ಇಳಕಲ್ಲ ಸೀರೆಯನ್ನು ನೋಡಿ. ಒಡಲು ಒಂದು ಬಣ್ಣ, ಸೆರಗು ಕೆಂಪು. ಎರಡೂ ಸೇರುವ ಕಡೆ ನೇಕಾರರು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಮನಸ್ಸಿಗೆ ಬಂದಲ್ಲಿ ಬಣ್ಣ ಬದಲಾಗುವುದಿಲ್ಲ. ಕಾರಿನಲ್ಲಿಯೂ ಕಿಟಕಿಯ ಕೆಳಗೆ ಬಾನೆಟ್ಟಿನಿಂದ ಹಿಂಬದಿಯವರೆಗೆ ಹರಿಯುವ ಒಂದು ಉಬ್ಬುಗೆರೆಯೋ ಕ್ರೋಮಿಯಂ ಪಟ್ಟಿಯೋ ಸಾಮಾನ್ಯವಾಗಿ ಇರುತ್ತದೆ. ಅದನ್ನು ಕಾರಿನ ಸೊಂಟ ಎನ್ನೋಣ. ಬಣ್ಣ ಅಲ್ಲಿ ಬದಲಾಗಲಿ. ಬಯಲಾದ ತಗಡಿನ ನಡುವೆ ಗೆರೆ ಎಳೆದರೆ ಕೈ ತಪ್ಪಿದ್ದು ಹತ್ತು ಮಾರು ದೂರದಿಂದಲೇ ಕಾಣುತ್ತದೆ.

ಇನ್ನು ಜೋಡಿ. ಎರಡು ಬಣ್ಣಗಳಲ್ಲಿ ಒಂದು ತಿಳಿ, ಒಂದು ಗಾಢ ಇರಬೇಕು. ಕೆಂಪು, ಹಸಿರು ಬೇರೆ ಬೇರೆ ಬಣ್ಣಗಳೇ ಹೌದು. ಆದರೆ ಎರಡೂ ಒಂದೇ ಗಾಢತೆಯವಾದರೆ ದೂರದಿಂದ ಕಲಸಿದಂತೆ ಕಾಣುತ್ತವೆ. ಪರೀಕ್ಷೆ ಸುಲಭ: ಮಾದರಿಗಳನ್ನು ಪಕ್ಕಪಕ್ಕ ಇಟ್ಟು ಕಣ್ಣು ಕಿರಿದು ಮಾಡಿ ನೋಡಿ, ಅಥವಾ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ವ್ಯತ್ಯಾಸ ಉಳಿದರೆ ಜೋಡಿ ಗಟ್ಟಿ. ಮುಂಬೈಯಲ್ಲಿ ದುಡಿದು ಬಂದ ವಿಜಯಪುರದ ಕಡೆಯವರಿಗೆ ಅಲ್ಲಿನ ಪದ್ಮಿನಿ ಟ್ಯಾಕ್ಸಿ ನೆನಪಿರುತ್ತದೆ. ಕಪ್ಪು ಮೈ, ಹಳದಿ ಛಾವಣಿ; ಎಂಥ ಗದ್ದಲದಲ್ಲೂ ಕಣ್ಣಿಗೆ ಬೀಳುತ್ತಿತ್ತು. 2023ರ ಅಕ್ಟೋಬರಿನಲ್ಲಿ ಅವು ರಸ್ತೆಯಿಂದ ಮರೆಯಾದವು.

ನಮ್ಮ ಸೀಮೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಾಢ ಬಣ್ಣ ಶಾಖವನ್ನು ಹೀರುತ್ತದೆ, ತಿಳಿ ಬಣ್ಣ ಹಿಂದಕ್ಕೆ ಕಳಿಸುತ್ತದೆ. ಮೂಲದಲ್ಲಿ ಬೇರೆ ಇರಲಿಲ್ಲವಾದರೆ ಛಾವಣಿಗೆ ತಿಳಿ ಬಣ್ಣವೇ ಲೇಸು. ಅನೇಕ ಕೆಂಪು ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ. ಅಂಗಡಿಯ ಕಾರ್ಡಿನ ಮೇಲಿನ ಚೌಕ ನೋಡಿ ತೀರ್ಮಾನಿಸಬೇಡಿ. ಬಾಗಿದ ತಗಡಿನ ತುಂಡಿಗೆ ಎರಡೂ ಬಣ್ಣ ಹಚ್ಚಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೊರಗಿಟ್ಟು ನೋಡಿ. ಟ್ಯೂಬ್‌ಲೈಟಿನಲ್ಲಿ ಕೆನೆಬಣ್ಣವಾಗಿದ್ದದ್ದು ಇಳಿಹೊತ್ತಿನಲ್ಲಿ ಹಳದಿಯಾದೀತು.

ಬಣ್ಣದ ಜಾತಿಯೂ ತಿಳಿದಿರಲಿ. ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಮೂಲೆಯಲ್ಲಿ ಒರೆಸಿ. ಬಣ್ಣ ಹತ್ತಿಗೆ ಸುಲಭವಾಗಿ ಇಳಿದರೆ ಅದು ಎನ್.ಸಿ. ಪೇಂಟ್ ಇರಬಹುದು. ಹಳೆಯ ಸಿಂಥೆಟಿಕ್ ಎನಾಮಲ್ ಮೇಲೆ ಎನ್.ಸಿ. ಹೊಡೆದರೆ ಅದರ ಥಿನ್ನರ್ ಕೆಳಗಿನ ಪದರನ್ನು ಎಬ್ಬಿಸಿ ಸುಕ್ಕಾಗಿಸುತ್ತದೆ. ಇಂದಿನ ಪಿ.ಯು. ಪೇಂಟ್ ಬಾಳಿಕೆಯದು. ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು. ಆ ಕೆಲಸ ಸರಿಯಾದ ಮಾಸ್ಕ್ ಇರುವ ಪೇಂಟರಿಗೇ ಇರಲಿ. ಸಾಮಾನ್ಯವಾಗಿ ತಿಳಿ ಬಣ್ಣ ಮೊದಲು, ಗೆರೆಯನ್ನು ಸ್ವಲ್ಪ ದಾಟಿ. ಒಣಗಿದ ಮೇಲೆ ಟೇಪು ಹಚ್ಚಿ ಗಾಢ ಬಣ್ಣ. ಅದು ಪೂರ್ತಿ ಗಟ್ಟಿಯಾಗುವ ಮುನ್ನವೇ ಟೇಪನ್ನು ಹಿಂದಕ್ಕೆ ಮಡಚಿ ಎಳೆಯಬೇಕು. ತಡವಾದರೆ ಅಂಚು ಹರಿಯುತ್ತದೆ. ಸೇರುವೆಯ ಮೇಲೆ ಕುಂಚದಿಂದ ಎಳೆಯುವ ಸಣ್ಣ ಗೆರೆ ಉಳಿದ ಒರಟನ್ನು ಮುಚ್ಚುತ್ತದೆ. ಗೆರೆ ಎಲ್ಲಿ, ಎಷ್ಟು ದಪ್ಪ ಎಂದು ಕಣ್ಣಾರೆ ನೋಡಬೇಕೆನಿಸಿದರೆ ಧರ್ಮಸ್ಥಳದ ಕಾರು ಸಂಗ್ರಹಕ್ಕೋ ಮೈಸೂರು–ಬೆಂಗಳೂರು ಹೆದ್ದಾರಿಯ 'ಪಯಣ' ಸಂಗ್ರಹಾಲಯಕ್ಕೋ ಹೋಗಿ ಬನ್ನಿ. ನೋಟುಬುಕ್ಕು ಒಯ್ಯಿರಿ.

ಕೊನೆಯದಾಗಿ ಕಾಗದಪತ್ರ. ಆರ್.ಸಿ. ಪುಸ್ತಕದಲ್ಲಿ ಕಾರಿನ ಬಣ್ಣ ನಮೂದಾಗಿರುತ್ತದೆ, ಬದಲಿಸಿದರೆ ಆರ್.ಟಿ.ಒ. ಕಚೇರಿಗೆ ತಿಳಿಸಿ ತಿದ್ದಿಸಬೇಕು. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರನ್ನು 'ವಿಂಟೇಜ್' ಎಂದು ನೋಂದಾಯಿಸಿ 'ವಿ.ಎ.' ಅಕ್ಷರಗಳ ನಂಬರು ಪಡೆಯಬಹುದು. ಆದರೆ ಅಂಥ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥವಕ್ಕಷ್ಟೇ ರಸ್ತೆಗೆ ಇಳಿಸಬಹುದು. ದಿನವೂ ಬಾಗೇವಾಡಿ ಸಂತೆಗೆ ಓಡಿಸಲಾಗದು. ಯಾವುದು ಬೇಕೆಂದು ಅಜ್ಜನನ್ನು ಕೇಳಿ ಅರ್ಜಿ ಬರೆಯಿರಿ. ಮೊದಲು ಉಜ್ಜಿದ ಆ ನಾಣ್ಯದಷ್ಟು ಜಾಗವನ್ನು ಪೇಂಟರ್ ಮುಚ್ಚದಂತೆ ಟೇಪು ಹಚ್ಚಿಡಲು ಮರೆಯಬೇಡಿ.