ಮರಿನಾಯಿ ಕೆಮ್ಮಿದರೆ ಉಸಿರು ಎಣಿಸಿ, ಗೊಟ್ಟ ಎತ್ತಬೇಡಿ

ನಮ್ಮ ಹನಗೋಡು ಹೋಬಳಿಯ ಕಾಡಂಚಿನಲ್ಲಿ ನಾಯಿಯಿಲ್ಲದ ಹೊಲಮನೆ ಅಪರೂಪ. ಮುಸುಕಿನ ಜೋಳ ಹಾಲು ತುಂಬುವಾಗ ಹಂದಿ ಬರುತ್ತದೆ. ಕೊಟ್ಟಿಗೆ ಸುತ್ತ ಚಿರತೆ ಸುಳಿಯುತ್ತದೆ. ಮೊದಲು ಗೊತ್ತಾಗುವುದು ನಾಯಿಗೆ, ಆಮೇಲೆ ನಮಗೆ. ಆದರೂ ಹಸು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರಿಗೆ ಹೇಳಿ ಕಳಿಸುವ ನಾವು, ನಾಯಿಮರಿ ವಾರಗಟ್ಟಲೆ ಕೆಮ್ಮಿದರೂ ‘ತಾನೇ ಸರಿಹೋಗ್ತದೆ ಬಿಡು’ ಅನ್ನುತ್ತೇವೆ. ಕೆಲವು ಕೆಮ್ಮು ನಿಜಕ್ಕೂ ತಾನೇ ಹೋಗುತ್ತದೆ. ಕೆಲವು ಮರಿಯನ್ನೇ ಕೊಂಡೊಯ್ಯುತ್ತದೆ. ಯಾವುದು ಯಾವುದೆಂದು ಮನೆಯಲ್ಲೇ ಅಂದಾಜು ಮಾಡುವುದು ಹೇಗೆ? ನಾನು ಕಂಡು, ವೈದ್ಯರಿಂದ ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕೆಮ್ಮಿನ ಮೂಲ ನಾಲ್ಕು

ಒಂದು, ಗಂಟಲ ಕೆಮ್ಮು. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಂತೆ ಮರಿ ‘ಖಕ್ ಖಕ್’ ಎಂದು ಒಣಕೆಮ್ಮು ಕೆಮ್ಮುತ್ತದೆ, ಕೊನೆಗೆ ಓಕರಿಸುತ್ತದೆ. ಆದರೆ ಉಣ್ಣುತ್ತದೆ, ಆಡುತ್ತದೆ. ಇದು ಒಂದು ನಾಯಿಯಿಂದ ಇನ್ನೊಂದಕ್ಕೆ ಬೇಗ ಅಂಟುತ್ತದೆ. ಹೆಚ್ಚಿನವು ಎರಡು ಮೂರು ವಾರದಲ್ಲಿ ಗುಣವಾಗುತ್ತವೆ. ಎಳೆಮರಿಗಳಲ್ಲಿ ಮಾತ್ರ ಇದು ಎದೆಗೆ ಇಳಿದು ನ್ಯುಮೋನಿಯ ಆಗಬಹುದು.

ಎರಡು, ಜಂತುಹುಳು. ಹೊಟ್ಟೆಯ ಹುಳಕ್ಕೂ ಕೆಮ್ಮಿಗೂ ಏನು ಸಂಬಂಧ ಅಂತೀರಾ? ದುಂಡುಹುಳದ ಮರಿಗಳು ತಾಯಿಯ ಗರ್ಭದಲ್ಲಿರುವಾಗಲೇ ನಾಯಿಮರಿಯ ಮೈ ಸೇರುತ್ತವೆ. ಕರುಳಿಗೆ ಬರುವ ಮುನ್ನ ಶ್ವಾಸಕೋಶ ಹಾದೇ ಬರುತ್ತವೆ. ಹುಟ್ಟಿದ ಮೊದಲ ವಾರಗಳಲ್ಲೇ ಮರಿ ಕೆಮ್ಮುತ್ತಿದ್ದು, ಹೊಟ್ಟೆ ಡುಬ್ಬಣ್ಣನಂತೆ ಉಬ್ಬಿದ್ದರೆ ಇದನ್ನು ಅನುಮಾನಿಸಿ.

ಮೂರು, ನಾವೇ ತರಿಸುವ ನ್ಯುಮೋನಿಯ. ಬಾಯಿಗೆ ಹಾಲು, ಎಣ್ಣೆ, ಕಷಾಯ ಎರೆದಾಗ ಅದು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಹೋಗುತ್ತದೆ. ದನಕ್ಕೆ ಎರೆಯುವ ಗೊಟ್ಟವನ್ನು ನಾಯಿಮರಿಯ ಬಾಯಿಗೆ ಇಡುವುದೆಂದರೆ ಇಲ್ಲದ ರೋಗವನ್ನು ಕರೆದಂತೆ.

ನಾಲ್ಕು, ಎಲ್ಲಕ್ಕಿಂತ ಕೆಟ್ಟದ್ದು: ಡಿಸ್ಟೆಂಪರ್. ಇದು ವೈರಸ್ ರೋಗ. ತಾಯಿಹಾಲಿನಿಂದ ಬಂದ ರಕ್ಷಣೆ ಕರಗುವ ಮೂರರಿಂದ ಆರು ತಿಂಗಳ ಮರಿಗಳಿಗೆ ಹೆಚ್ಚು. ಮೊದಲು ಜ್ವರ. ಆಮೇಲೆ ಕಣ್ಣಲ್ಲಿ ಗೀಜು, ಮೂಗಲ್ಲಿ ಹಳದಿ ಗೊಣ್ಣೆ, ಕೆಮ್ಮು, ಭೇದಿ. ಕೆಲವಕ್ಕೆ ಅಂಗಾಲು, ಮೂಗಿನ ತುದಿ ಗಡುಸಾಗುತ್ತವೆ. ಕೊನೆಗೆ ನರಕ್ಕೆ ಏರಿದರೆ ಫಿಟ್ಸ್, ದವಡೆ ಕಟಕಟ ಆಡಿಸುವುದು, ಕಾಲು ಅದುರುವುದು.

ನಮ್ಮ ಕಡೆ ಇನ್ನೊಂದಿದೆ. ಮಳೆಗಾಲದ ಚಳಿಗೆ ಮರಿಗಳು ಹೊಗೆಸೊಪ್ಪಿನ ಬ್ಯಾರನ್ ಒಲೆಯ ಬಾಯಲ್ಲೇ ಮಲಗುತ್ತವೆ. ಸೌದೆಯ ಹೊಗೆಯೊಂದೇ ಡಿಸ್ಟೆಂಪರ್ ತರುವುದಿಲ್ಲ ನಿಜ. ಆದರೆ ಮೊದಲೇ ಕೆಟ್ಟ ಎದೆಗೆ ಅದು ಇನ್ನಷ್ಟು ತೊಂದರೆ. ಬೆಚ್ಚಗಿರಲಿ, ಹೊಗೆಯಿಂದ ದೂರವಿರಲಿ.

ಉಸಿರು ಎಣಿಸುವುದು

ಇದಕ್ಕೆ ಕೈಗಡಿಯಾರ ಸಾಕು. ಮರಿ ನಿದ್ದೆ ಮಾಡುವಾಗ ಅಥವಾ ಸುಮ್ಮನೆ ಮಲಗಿದ್ದಾಗ ಪಕ್ಕೆ ನೋಡಿ. ಏರಿ ಇಳಿದರೆ ಒಂದು ಉಸಿರು. ಒಂದು ನಿಮಿಷ ಪೂರ್ತಿ ಎಣಿಸಿ. ಆಡಿ ಬಂದ ಮರಿ, ಬಿಸಿಲಿಗೆ ನಾಲಿಗೆ ಚಾಚಿದ ಮರಿ ಲೆಕ್ಕಕ್ಕಿಲ್ಲ. ನಿದ್ದೆಯಲ್ಲಿ 30ರ ಒಳಗಿದ್ದರೆ ಗಾಬರಿಯಿಲ್ಲ. ತೀರ ಎಳೆಮರಿಗೆ ಸ್ವಲ್ಪ ಜಾಸ್ತಿ ಇರಬಹುದು. ಮತ್ತೆ ಮತ್ತೆ ಎಣಿಸಿದಾಗಲೂ 40 ದಾಟುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಥರ್ಮಾಮೀಟರ್ ಇದ್ದರೆ ಗುದದ್ವಾರದಲ್ಲಿಟ್ಟು ಜ್ವರ ನೋಡಿ. ನಾಯಿಗೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮ್ಮ ಮೈಗೆ ಹೋಲಿಸಿ ಮುಟ್ಟಿ ನೋಡಿದರೆ ಎಲ್ಲ ನಾಯಿಗೂ ಜ್ವರ ಇದ್ದಂತೆಯೇ ಕಾಣುತ್ತದೆ.

ಮರಿ ಮಲಗಲಾರದೆ ಕುಳಿತೇ ಇದ್ದರೆ, ಮುಂಗಾಲಿನ ಮೊಣಕೈ ಅಗಲಿಸಿ ಕತ್ತು ಚಾಚಿ ಉಸಿರೆಳೆದರೆ, ಒಸಡು ಗುಲಾಬಿ ಬಣ್ಣ ಬಿಟ್ಟು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದ್ದರೆ ಒಂದು ಗಳಿಗೆಯೂ ತಡಮಾಡಬೇಡಿ.

ಒಂದು ಎಚ್ಚರಿಕೆ. ಜೊಲ್ಲು ಸುರಿಸುತ್ತ, ನುಂಗಲಾರದೆ ಒದ್ದಾಡುವ ನಾಯಿಯ ಬಾಯಿಗೆ ‘ಮೂಳೆ ಸಿಕ್ಕಿರಬೇಕು’ ಎಂದು ಕೈ ಹಾಕಬೇಡಿ. ಹುಚ್ಚುನಾಯಿ ರೋಗವೂ ಹಾಗೇ ಕಾಣಬಹುದು.

ನಮ್ಮ ಮರಿಯ ಕತೆ

ಎರಡು ಮಳೆಗಾಲದ ಹಿಂದೆ ಪಕ್ಕದ ಕೇರಿಯಿಂದ ನಾಲ್ಕು ತಿಂಗಳ ಮರಿಯೊಂದನ್ನು ತಂದೆವು. ವಾರ ಕಳೆಯುವ ಮುಂಚೆ ಕಣ್ಣು ಗೀಜುಗಟ್ಟಿತು, ಮೂಗು ಕಟ್ಟಿತು. ರಾತ್ರಿ ಎಣಿಸಿದೆ, ನಿಮಿಷಕ್ಕೆ 52. ಪಕ್ಕದ ಮನೆಯ ದೊಡ್ಡಪ್ಪ ಗೊಟ್ಟ ಹಿಡಿದೇ ಬಂದರು. ‘ಮೆಣಸಿನ ಕಷಾಯ ಒಂದಪ ಎರೆಯಪ್ಪಾ, ಕಫ ಕಿತ್ಕೊಂಡು ಬತ್ತದೆ’ ಅಂದರು. ‘ಬೇಡ ದೊಡ್ಡಪ್ಪ, ಉಸಿರೇ ಸಿಗ್ತಿಲ್ಲ ಅದಕ್ಕೆ, ಇನ್ನು ಕಷಾಯ ಎಲ್ಲಿ ನುಂಗಾತು’ ಅಂದೆ. ಬೆಳಿಗ್ಗೆ ಹುಣಸೂರಿಗೆ ಕರೆದೊಯ್ದೆವು.

ಡಾಕ್ಟರು ಎದೆಯ ಎರಡೂ ಕಡೆ ಸ್ಟೆತಸ್ಕೋಪ್ ಇಟ್ಟು ಆಲಿಸಿದರು. ಜ್ವರ 104 ಇತ್ತು. ಎಲ್ಲಿಂದ ತಂದದ್ದು, ಲಸಿಕೆ ಆಗಿದೆಯಾ, ಜೊತೆಮರಿಗಳು ಹೇಗಿವೆ ಎಂದೆಲ್ಲ ಕೇಳಿದರು. ಎಕ್ಸ್‌ರೇ ಮೈಸೂರಿನಲ್ಲಿ ಆಯಿತು. ಡಿಸ್ಟೆಂಪರ್, ಅದರ ಮೇಲೆ ನ್ಯುಮೋನಿಯ. ‘ಈ ವೈರಸ್ಸನ್ನು ಕೊಲ್ಲೋ ಔಷಧಿ ಇಲ್ಲ. ಅದರ ಬೆನ್ನಿಗೆ ಬಂದಿರೋ ಬ್ಯಾಕ್ಟೀರಿಯಕ್ಕೆ ಇದೆ. ಉಳಿದದ್ದು ನಿಮ್ಮ ಆರೈಕೆ’ ಅಂದರು.

ಮೂರು ವಾರ ಹಿಡಿಯಿತು. ಮರಿ ಉಳಿಯಿತು. ಹಿಂಗಾಲೊಂದು ಇಂದಿಗೂ ಅದುರುತ್ತದೆ. ಅದರ ಜೊತೆ ಹುಟ್ಟಿದ ನಾಲ್ಕರಲ್ಲಿ ಮೂರು ಸತ್ತವು.

ಮನೆಯ ಆರೈಕೆ

• ಆಂಟಿಬಯಾಟಿಕ್ ಯಾವುದು, ಎಷ್ಟು ಎಂದು ವೈದ್ಯರೇ ಮರಿಯ ತೂಕ ನೋಡಿ ಹೇಳಬೇಕು. ಕೆಮ್ಮು ಕಡಿಮೆಯಾಯಿತೆಂದು ನಡುವೆ ನಿಲ್ಲಿಸಬೇಡಿ.
• ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆ ಕೊಡಬೇಡಿ. ನಾಯಿಗೆ ಅವು ವಿಷವಾಗಬಹುದು. ಕೆಮ್ಮು ನಿಲ್ಲಿಸುವ ಸಿರಪ್ಪೂ ಬೇಡ. ನ್ಯುಮೋನಿಯದಲ್ಲಿ ಕಫ ಹೊರಬರಲು ಕೆಮ್ಮು ಬೇಕು.
• ಬಚ್ಚಲುಮನೆಯಲ್ಲಿ ಬಿಸಿನೀರಿನ ಹಬೆ ತುಂಬಿಸಿ ಮರಿಯನ್ನು ಹತ್ತು ನಿಮಿಷ ಜೊತೆಯಲ್ಲಿ ಕೂರಿಸಿಕೊಳ್ಳಿ. ಕುದಿನೀರಿನ ಪಾತ್ರೆ ಹತ್ತಿರ ಬೇಡ. ಆಮೇಲೆ ಅಂಗೈ ಬೊಗಸೆ ಮಾಡಿ ಎದೆಯ ಎರಡೂ ಪಕ್ಕ ಮೆಲ್ಲಗೆ ತಟ್ಟಿ. ಕಫ ಸಡಿಲವಾಗುತ್ತದೆ. ಉಸಿರಿಗೇ ಒದ್ದಾಡುವ ಮರಿಗೆ ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ.
• ಮೂಗು ಕಟ್ಟಿದ ನಾಯಿಗೆ ವಾಸನೆ ತಿಳಿಯದು, ಹಾಗಾಗಿ ಉಣ್ಣುವುದಿಲ್ಲ. ಬೆಚ್ಚಗಿನ ಬಟ್ಟೆಯಿಂದ ಮೂಗು, ಕಣ್ಣು ಒರೆಸಿ. ಈರುಳ್ಳಿ, ಬೆಳ್ಳುಳ್ಳಿ, ಖಾರ ಹಾಕದ ಕೋಳಿ ಬೇಯಿಸಿದ ನೀರನ್ನು ರಾಗಿ ಗಂಜಿಗೆ ಬೆರೆಸಿ ಬೆಚ್ಚಗೆ ಮುಂದಿಡಿ. ತಾನಾಗಿ ನೆಕ್ಕಲಿ, ಸುರಿಯಬೇಡಿ.
• ಬೇರೆ ನಾಯಿಗಳಿಂದ ದೂರ ಕಟ್ಟಿ. ಗುಣವಾದ ಮೇಲೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ವೈರಸ್ ಹೊರಬೀಳುತ್ತಿರುತ್ತದೆ. ತಟ್ಟೆ, ಗೋಣಿಗಳನ್ನು ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಿದರೆ ಅದು ಸಾಯುತ್ತದೆ.

‘ಲಸಿಕೆ ಹಾಕ್ಸಿದೀವಲ್ಲ?’

ಹೀಗೆ ಹೇಳುವವರನ್ನು ಕೇಳಿ ನೋಡಿ. ಹಾಕಿಸಿದ್ದು ಹುಚ್ಚುನಾಯಿ ರೋಗದ ಲಸಿಕೆ. ಅದು ಬೇಕೇ ಬೇಕು. ಆದರೆ ಅದು ಡಿಸ್ಟೆಂಪರ್ ತಡೆಯುವುದಿಲ್ಲ. ಇದಕ್ಕೆ ಡಿಸ್ಟೆಂಪರ್, ಪಾರ್ವೊ ಮೊದಲಾದವು ಸೇರಿದ ಬೇರೆಯೇ ಲಸಿಕೆ ಇದೆ. ಆರರಿಂದ ಎಂಟು ವಾರಕ್ಕೆ ಮೊದಲನೆಯದು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವ ತನಕ. ವರ್ಷದ ಮೇಲೆ ಇನ್ನೊಂದು. ತಾಯಿಹಾಲಿನ ರಕ್ಷಣೆ ಇರುವಾಗ ಲಸಿಕೆ ಸರಿಯಾಗಿ ಹಿಡಿಯದು, ಅದಕ್ಕೇ ಹಲವು ಸಲ. ಅಂಗಡಿಯಿಂದ ತರುವುದಾದರೆ ಫ್ಲಾಸ್ಕಿನಲ್ಲಿ ಐಸ್ ಹಾಕಿ ತನ್ನಿ. ಬಿಸಿಯಾದ ಲಸಿಕೆ ಬರೀ ನೀರು.

ಜಂತಿನ ಔಷಧಿಯನ್ನು ಎರಡನೇ ವಾರದಿಂದಲೇ, ಎರಡು ವಾರಕ್ಕೊಮ್ಮೆ ಎಂಟು ವಾರದವರೆಗೆ ಕೊಡಿಸಿ. ಆ ಹುಳದ ಮೊಟ್ಟೆ ಮಣ್ಣಲ್ಲಾಡುವ ನಮ್ಮ ಮಕ್ಕಳ ಹೊಟ್ಟೆಗೂ ಹೋಗುತ್ತದೆ.

ಕಾಡಿಗೂ ಸಂಬಂಧವಿದೆ

ಡಿಸ್ಟೆಂಪರ್ ನಮಗೆ ಅಂಟುವುದಿಲ್ಲ. ಕಾಡುಪ್ರಾಣಿಗಳಿಗೆ ಅಂಟುತ್ತದೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಮೂರರಲ್ಲೊಂದು ಪಾಲು ಸಿಂಹಗಳು ಈ ರೋಗದ ಹೊಡೆತಕ್ಕೆ ಇಲ್ಲವಾದವು. ಸುತ್ತಲ ಹಳ್ಳಿಗಳ ನಾಯಿಗಳೇ ಮೂಲವೆಂದು ವಿಜ್ಞಾನಿಗಳು ಅಭಿಪ್ರಾಯಪಟ್ಟರು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ವೈರಸ್ ಪತ್ತೆಯಾಯಿತು. ನಾಗರಹೊಳೆಯಲ್ಲಿ ಹುಲಿ, ಚಿರತೆ ಇವೆ. ನಾಯಿಯ ಜಾತಿಗೇ ಸೇರಿದ ಸೀಳುನಾಯಿಗಳೂ ಇವೆ. ನಮ್ಮ ನಾಯಿ ಹಂದಿ ಅಟ್ಟಿಸಿಕೊಂಡು ಕಾಡಿನೊಳಕ್ಕೆ ಹೋಗಿಬರುತ್ತದೆ. ಚಿರತೆ ನಮ್ಮ ನಾಯಿಯನ್ನೇ ಹಿಡಿದು ತಿನ್ನುತ್ತದೆ.

ಒಂದು ಮನೆಯವರು ಲಸಿಕೆ ಹಾಕಿಸಿದರೆ ಒಂದು ಮರಿ ಉಳಿದೀತು. ಕೇರಿಯವರೆಲ್ಲ ಸೇರಿ ಪಶುವೈದ್ಯರನ್ನು ಕರೆಸಿದರೆ ರೋಗ ಕೇರಿ ಬಿಟ್ಟು ಹೋದೀತು. ನಮ್ಮ ಕೇರಿಯಲ್ಲಿ ಕಳೆದ ವರ್ಷದಿಂದ ಹೀಗೆ ಮಾಡುತ್ತಿದ್ದೇವೆ. ಗೊಟ್ಟ ತಂದಿದ್ದ ದೊಡ್ಡಪ್ಪನೇ ಮರಿಗಳ ವಯಸ್ಸಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ನಿಮ್ಮೂರಲ್ಲಿ ಈ ಮಳೆಗಾಲಕ್ಕೆ ಎಷ್ಟು ಮರಿಗಳಿವೆ? ಎಣಿಸಿ ನೋಡಿ, ಲಸಿಕೆಗೆ ಈಗಲೇ ಏರ್ಪಾಡು ಮಾಡಿ.